ಅಮ್ಮನ ಕಪ್ಪು ಬೆರಳು: ನೆನಪನ್ನು ಚಿತ್ರಕ್ಕೆ ತರುವ ಬಗೆ

ನನ್ನ ಅಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ಸುಲಿಯಲು ಹೋಗುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಎರಡು ಮೂರು ತಿಂಗಳ ಕೆಲಸ. ಸಂಜೆ ಹೊರಟರೆ ಮನೆಗೆ ಬರುವಾಗ ಸರಿರಾತ್ರಿ. ಅಕ್ಕನೂ ಅವಳ ಪಕ್ಕದಲ್ಲಿ ಸುಲಿಯಲು ಕೂರುತ್ತಿದ್ದುದರಿಂದ ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಸಿಪ್ಪೆಯ ರಾಶಿಯ ಮೇಲೆ ಗೋಣಿಚೀಲ ಹಾಸಿ ಅಲ್ಲೇ ಮಲಗಿಸುತ್ತಿದ್ದರು. ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಗೆ ಕಾಯಿ ಒತ್ತುವ ಸದ್ದು ಕೇಳುತ್ತಲೇ ನಿದ್ದೆ ಬರುತ್ತಿತ್ತು.

ಈ ನೆನಪನ್ನು ಚಿತ್ರವಾಗಿಸಲು ನನಗೆ ನಾಲ್ಕು ವರ್ಷ ಹಿಡಿಯಿತು. ನನ್ನ ಬಳಿ ಜಲವರ್ಣ ಕಲಿಯಲು ಬರುವವರು ತಮ್ಮ ಬದುಕಿನದ್ದೇ ಏನನ್ನಾದರೂ ಬರೆಯಬೇಕು ಎನ್ನುತ್ತಾರೆ, ಆದರೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ನಿಂತುಬಿಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಸ್ತುವನ್ನು ಹಿಡಿಯಿರಿ. ದುಃಖ, ಬಡತನ, ತಾಯಿಯ ಪ್ರೀತಿ ಎಂದು ಹೊರಟರೆ ಕೈ ತಾನಾಗಿಯೇ ಎಲ್ಲೋ ನೋಡಿದ ಚಿತ್ರವನ್ನು ಬರೆಯುತ್ತದೆ. ನನ್ನ ಮೊದಲ ಮೂರು ಪ್ರಯತ್ನಗಳಲ್ಲಿ ಅಮ್ಮನ ಕಣ್ಣಲ್ಲಿ ನೀರಿತ್ತು. ಸುಲಿಯುವಾಗ ಅಮ್ಮ ಅತ್ತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಅವಳು ಸುಲಿದ ಅಡಿಕೆಯ ಡಬ್ಬದ ಲೆಕ್ಕ ಇಡುತ್ತಿದ್ದಳು, ಪಕ್ಕದವಳೊಡನೆ ಮಾತಾಡುತ್ತಿದ್ದಳು. ಆ ಮೂರು ಹಾಳೆಗಳನ್ನೂ ಹರಿದೆ. ಆಮೇಲೆ ಒಂದು ವಾರ ಕುಂಚ ಮುಟ್ಟದೆ, ನೆನಪಿಗೆ ಬಂದದ್ದನ್ನೆಲ್ಲ ನೋಟುಪುಸ್ತಕದಲ್ಲಿ ಗೀಚಿದೆ: ಗೋಣಿಯ ಚುಚ್ಚು, ಹಂಡೆಯಲ್ಲಿ ಬೇಯುವ ಅಡಿಕೆಯ ವಾಸನೆ, ಚಳಿ, ಹೊದಿಕೆ ಎಳೆಯಲು ಬಂದ ಬೆರಳು. ಆ ಬೆರಳು ಕಪ್ಪಗಿತ್ತು. ಚಿತ್ರ ಅಲ್ಲಿತ್ತು.

ಫೋಟೋವನ್ನು ಕೊನೆಗೆ ನೋಡಿ. ಮೊದಲೇ ನೋಡಿದರೆ ಕಣ್ಣು ಅದನ್ನೇ ನಕಲು ಮಾಡುತ್ತದೆ, ನಿಮ್ಮೊಳಗಿದ್ದದ್ದು ಹಿಂದೆ ಸರಿಯುತ್ತದೆ. ಕಡಿಮೆಯೆಂದರೆ ಹತ್ತು ಪೆನ್ಸಿಲ್ ರೇಖಾಚಿತ್ರಗಳನ್ನು ಬರಿ ನೆನಪಿನಿಂದ ಮಾಡಿ. ಕೈಯ ಅಳತೆ ತಪ್ಪಿದರೆ ತಪ್ಪಲಿ. ನನ್ನ ರೇಖಾಚಿತ್ರಗಳಲ್ಲಿ ಅಮ್ಮನ ಕೈ ತಲೆಗಿಂತ ದೊಡ್ಡದಾಗಿ ಬಂದಿತ್ತು, ಮಲಗಿದ್ದ ಮಗುವಿಗೆ ಅದು ಹಾಗೆಯೇ ಕಂಡಿರಬೇಕು, ಅದನ್ನು ತಿದ್ದಲಿಲ್ಲ. ಆಮೇಲೆ ಅಮ್ಮನ ಒಂದೇ ಒಂದು ಫೋಟೋ ತೆಗೆದು ನೋಡಿದೆ. ಮಾವನ ಮಗನ ಮದುವೆಯದು. ಎಲ್ಲರೂ ಕೈಕಟ್ಟಿ ನಿಂತಿದ್ದಾರೆ, ಅಮ್ಮ ಮಾತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಾಳೆ. ಎಷ್ಟೋ ವರ್ಷ ಆ ಫೋಟೋ ಗೋಡೆಯ ಮೇಲಿತ್ತು, ನಾನು ಗಮನಿಸಿರಲಿಲ್ಲ.

ಬಣ್ಣದ ವಿಷಯಕ್ಕೆ ಬರೋಣ. ಕಪ್ಪು ಎಂದ ಕೂಡಲೇ ಕಪ್ಪು ಟ್ಯೂಬಿಗೆ ಕೈ ಹಾಕಬೇಡಿ. ಅದು ಚರ್ಮದ ಮೇಲೆ ಮಸಿ ಬಳಿದಂತೆ ಕಾಣುತ್ತದೆ. ಬರ್ನ್ಟ್ ಅಂಬರ್ ಎಂಬ ಗಾಢ ಕಂದಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಬೆಚ್ಚಗಿನ, ಆಳವಾದ ಗಾಢಬಣ್ಣ ಬರುತ್ತದೆ. ನನಗೆ ಅದೂ ಸಾಲಲಿಲ್ಲ. ಅಮ್ಮನ ಬೆರಳಿನ ಕಪ್ಪಿಗೆ ಕಾರಣ ಹುಡುಕಿದಾಗ ದಾರಿ ತೆರೆಯಿತು. ಹಸಿ ಅಡಿಕೆಯ ಒಗರಿನಲ್ಲಿ ಟ್ಯಾನಿನ್ ಇದೆ, ಮೆಟ್ಟುಗತ್ತಿಯ ಅಲಗು ಕಬ್ಬಿಣದ್ದು. ಟ್ಯಾನಿನ್ ಕಬ್ಬಿಣಕ್ಕೆ ಸೇರಿದರೆ ಕಪ್ಪಾಗುತ್ತದೆ. ಹಳೆಯ ಕಾಲದ ಶಾಯಿಯನ್ನು ಮಾಡುತ್ತಿದ್ದುದೂ ಇದೇ ಗುಣದಿಂದ. ಊರಿನಿಂದ ಒಂದು ಬಾಟಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಒಗರು ನೀರು, ತರಿಸಿ, ಅರ್ಧವನ್ನು ಹಾಗೆಯೇ ಇಟ್ಟು, ಉಳಿದರ್ಧಕ್ಕೆ ತುಕ್ಕು ಹಿಡಿದ ಮೊಳೆ ಹಾಕಿಟ್ಟೆ. ಒಂದು ಕೆಂಪು ಕಂದು, ಇನ್ನೊಂದು ಅಮ್ಮನ ಬೆರಳು.

ಇಂಥ ಬಣ್ಣ ಬಳಸುವವರು ಎಚ್ಚರ ವಹಿಸಬೇಕು. ಗಿಡಮರದ ಬಣ್ಣ ಬಿಸಿಲಿಗೆ ಮಾಸಬಹುದು, ಕಬ್ಬಿಣ ಸೇರಿದ ಶಾಯಿ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನಬಹುದು. ತುಂಡು ಕಾಗದಕ್ಕೆ ಬಳಿದು, ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಎರಡು ತಿಂಗಳು ಕಿಟಕಿಯಲ್ಲಿಟ್ಟು ಹೋಲಿಸಿ ನೋಡಿ. ನಾನು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಕಾಗದದ ಮೇಲೆ ತೆಳುವಾಗಿ, ಬೆರಳಿನ ಸಂದುಗಳಿಗೆ ಮಾತ್ರ ಅದನ್ನು ಬಳಸಿದೆ. ಮಿಕ್ಕದ್ದೆಲ್ಲ ಅಂಗಡಿಯ ಜಲವರ್ಣ.

ಒಂದೇ ಅನುಭವಕ್ಕೆ ಮತ್ತೆ ಮತ್ತೆ ಮರಳಲು ಹಿಂಜರಿಯಬೇಡಿ. ನಾರ್ವೆಯ ಎಡ್ವರ್ಡ್ ಮುಂಕ್ ತನ್ನ ಅಕ್ಕ ಸೋಫಿಯನ್ನು 1877ರಲ್ಲಿ ಕ್ಷಯಕ್ಕೆ ಕಳೆದುಕೊಂಡಾಗ ಅವಳಿಗೆ ಹದಿನೈದು ವರ್ಷ. 1885-86ರಲ್ಲಿ ಆತ ‘ರೋಗಿ ಮಗು’ ಚಿತ್ರವನ್ನು ಬಳಿದು, ಕೆರೆದು, ಮತ್ತೆ ಬಳಿದ. ಆ ಗೀರುಗಳು ಕ್ಯಾನ್ವಾಸಿನ ಮೇಲೆ ಇಂದಿಗೂ ಇವೆ. ಅದೇ ದೃಶ್ಯವನ್ನು ಸುಮಾರು ನಾಲ್ಕು ದಶಕಗಳಲ್ಲಿ ಆರು ಸಲ ಬರೆದ. ಹಾಸಿಗೆಯ ಪಕ್ಕದಲ್ಲಿ ಕೂತ ಹೆಂಗಸಿನ ಮುಖ ನಮಗೆ ಕಾಣುವುದಿಲ್ಲ, ತಲೆ ಅಷ್ಟು ಬಾಗಿದೆ. ಆ ಬಾಗಿದ ತಲೆಯನ್ನು ಎಷ್ಟೋ ಹೊತ್ತು ನೋಡಿದ ಮೇಲೆ ನಾನೂ ಅಮ್ಮನ ಮುಖವನ್ನು ಚೌಕಟ್ಟಿನಿಂದ ಹೊರಗಿಟ್ಟೆ. ಹಾಳೆಯಲ್ಲಿ ಈಗಿರುವುದು ಎರಡು ಕೈ, ಅಲಗಿನ ತುದಿ, ಒಂದು ಹಸಿರು ಕಾಯಿ, ಕೆಳಗಿನ ಮೂಲೆಯಲ್ಲಿ ಗೋಣಿಯ ಅಂಚು.

ಚಿತ್ರವನ್ನು ಹೊರಗೆ ತೋರಿಸುವ ಮೊದಲು ಆ ನೆನಪಿನಲ್ಲಿ ಪಾಲಿರುವವರಿಗೆ ತೋರಿಸಿ. ಅವರ ಬದುಕೂ ಅದರಲ್ಲಿದೆ, ಬೇಡ ಎನ್ನುವ ಹಕ್ಕು ಅವರಿಗಿದೆ. ಅಮ್ಮ ಆಗಲೇ ತೀರಿಕೊಂಡಿದ್ದಳು. ಅಕ್ಕನ ಮುಂದೆ ಹಿಡಿದೆ. ಅವಳು ಬಹಳ ಹೊತ್ತು ನೋಡಿ, “ಲಾಟೀನು ಎಡಗಡೆ ಇರುತ್ತಿತ್ತು ಕಣೋ, ನೆರಳು ಈ ಕಡೆ ಬೀಳಬೇಕು” ಎಂದಳು. ಆಮೇಲೆ ತನ್ನ ಹೆಬ್ಬೆರಳಿನ ಹಳೆಯ ಗಾಯದ ಗುರುತು ತೋರಿಸಿದಳು. ಹನ್ನೊಂದನೆಯ ವಯಸ್ಸಿನಲ್ಲಿ ಅಲಗು ತಾಗಿದ್ದಂತೆ. ಪಕ್ಕದಲ್ಲೇ ಮಲಗಿದ್ದ ನನಗೆ ಅದು ಗೊತ್ತೇ ಇರಲಿಲ್ಲ. ಹೊಸ ಹಾಳೆ ತೆಗೆದುಕೊಂಡು ನೆರಳನ್ನು ಬಲಕ್ಕೆ ಬರೆದೆ.

ಪ್ರದರ್ಶನದಲ್ಲಿ ಚಿತ್ರದ ಪಕ್ಕ ಉದ್ದದ ಕತೆ ಅಂಟಿಸಬೇಡಿ, ಓದಲು ನಿಂತವರು ಚಿತ್ರವನ್ನು ನೋಡದೆ ಮುಂದೆ ಹೋಗುತ್ತಾರೆ. “ಸುಲಿತ. ಚೊಗರು ಮತ್ತು ಜಲವರ್ಣ” ಎಂದಷ್ಟೇ ಬರೆದೆ. ಉಳಿದದ್ದು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿದೆ: ಯಾವ ತಿಂಗಳು, ರಾತ್ರಿಗೆ ಎಷ್ಟು ಡಬ್ಬ, ಅಮ್ಮನ ಹೆಸರು, ಅದರ ಕೆಳಗೆ ಅಕ್ಕನ ಹೆಸರು.