ಬಾಗಿಲು ಮುಚ್ಚಿದ ಕಂಪನಿಯಿಂದ ಡಿಕ್ರಿ ಹಣ ವಸೂಲಿ: ನನ್ನ ಅನುಭವ

ಹಣ ಕೊಡಬೇಕೆಂಬ ಕೋರ್ಟಿನ ಡಿಕ್ರಿ ಕೈಯಲ್ಲಿದೆ, ಆದರೆ ಕಂಪನಿ ಮುಚ್ಚಿಹೋಗಿದೆ ಎಂದು ಕಕ್ಷಿದಾರರು ಹೇಳಿದಾಗ ನಾನು ಮೊದಲು ತೆರೆಯುವುದು ಎಂಸಿಎ ಪೋರ್ಟಲ್, ಅಂದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣ. ಕಂಪನಿಯ ಮಾಸ್ಟರ್ ಡೇಟಾ ಅಲ್ಲಿ ಪುಕ್ಕಟೆ ಸಿಗುತ್ತದೆ. ಸ್ಟೇಟಸ್ 'ಆ್ಯಕ್ಟಿವ್' ಎಂದಿದ್ದರೆ ಶಟರ್ ಎಳೆದಿದ್ದಾರೆ ಅಷ್ಟೆ, ಕಾನೂನಿನ ಪ್ರಕಾರ ಕಂಪನಿ ಇನ್ನೂ ಇದೆ, ಡಿಕ್ರಿ ಜಾರಿ ಮಾಡಿಸುವ ಮಾಮೂಲಿ ಅಮಲ್ಜಾರಿ ಅರ್ಜಿ ನಡೆಯುತ್ತದೆ. 'ಸ್ಟ್ರೈಕ್ ಆಫ್' ಎಂದಿದ್ದರೆ ಕಂಪನಿ ರಿಜಿಸ್ಟ್ರಾರ್ ಹೆಸರು ತೆಗೆದುಹಾಕಿದ್ದಾರೆ. 'ಅಂಡರ್ ಸಿಐಆರ್‌ಪಿ' ಅಥವಾ 'ಅಂಡರ್ ಲಿಕ್ವಿಡೇಷನ್' ಎಂದಿದ್ದರೆ (ಮೊದಲನೆಯದು ದಿವಾಳಿ ಪರಿಹಾರ ಪ್ರಕ್ರಿಯೆ, ಎರಡನೆಯದು ಆಸ್ತಿ ಮಾರಿ ಕಂಪನಿ ಮುಗಿಸುವುದು) ಕೆಲಸ ಸಿವಿಲ್ ಕೋರ್ಟಿನಿಂದ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ ಕಡೆಗೆ ಹೋಗುತ್ತದೆ. ಯಾವುದೆಂದು ತಿಳಿಯದೆ ಅರ್ಜಿ ಬರೆಯಲು ಕೂರಬಾರದು.

ಅದಕ್ಕೂ ಮೊದಲು ಇನ್ವಾಯ್ಸ್ ತೆಗೆದು ಹೆಸರು ಪೂರ್ತಿ ಓದಿ. ನಮ್ಮಲ್ಲಿ ಎಲ್ಲ ವ್ಯಾಪಾರಕ್ಕೂ 'ಕಂಪನಿ' ಎನ್ನುವ ರೂಢಿ. ಕೊನೆಯಲ್ಲಿ 'ಲಿಮಿಟೆಡ್' ಇಲ್ಲದೆ ಬರೀ 'ಎಂಟರ್‌ಪ್ರೈಸಸ್' ಎಂದಿದ್ದು ಒಬ್ಬರೇ ಮಾಲೀಕರಾಗಿದ್ದರೆ ಅಂಗಡಿ ಮುಚ್ಚಿದರೂ ಏನೂ ವ್ಯತ್ಯಾಸವಿಲ್ಲ. ಡಿಕ್ರಿ ಮಾಲೀಕರ ಸ್ವಂತ ಆಸ್ತಿಯ ಮೇಲೇ ನಡೆಯುತ್ತದೆ.

ಎಂಸಿಎಯಲ್ಲಿ 100 ರೂಪಾಯಿ ಕಟ್ಟಿದರೆ ಕಂಪನಿ ಸಲ್ಲಿಸಿದ ದಾಖಲೆಗಳನ್ನು ನೋಡಬಹುದು. ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ಫಾರ್ಮ್ ಆದ ಎಒಸಿ-4ರ ಕೊನೆಯ ಪ್ರತಿಯಲ್ಲಿ ಬ್ಯಾಲೆನ್ಸ್ ಶೀಟ್ ಇರುತ್ತದೆ. ಅದರಲ್ಲಿ ಕಂಪನಿಗೆ ಯಾರಿಂದಲೋ ಬರಬೇಕಾದ ಬಾಕಿ, ಕೊಟ್ಟಿಟ್ಟ ಠೇವಣಿ, ಡೈರೆಕ್ಟರರಿಗೋ ಅವರದೇ ಬೇರೆ ಕಂಪನಿಗೋ ಕೊಟ್ಟ ಸಾಲ, ಈ ಮೂರನ್ನು ಗುರುತು ಹಾಕಿಕೊಳ್ಳಿ. ಚಾರ್ಜ್ ಪಟ್ಟಿಯಲ್ಲಿ ಯಂತ್ರ, ಕಟ್ಟಡ ಯಾವ ಬ್ಯಾಂಕಿಗೆ ಅಡವಾಗಿದೆ ಎಂದು ತಿಳಿಯುತ್ತದೆ. ಅಡವಾದ ಯಂತ್ರದ ಮೇಲೆ ಜಪ್ತಿ ತಂದು, ಕೋರ್ಟಿನ ಅಮೀನರ ಜೊತೆ ಲಾರಿ ತೆಗೆದುಕೊಂಡು ಹೋದರೆ ಖರ್ಚೇ ಮಿಗುವುದು. ಬ್ಯಾಂಕಿನ ಹಕ್ಕು ಮುಂದಿರುತ್ತದೆ. ಆದರೆ ಅಡವಾದ ಆಸ್ತಿಯನ್ನು ಬ್ಯಾಂಕೇ ಮಾರಲು ಬಿಡುವ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕ್ ಹರಾಜು ಹಾಕಿ ಹಣ ಮಿಕ್ಕಿದರೆ ಅದು ಕಂಪನಿಗೆ ಸೇರಬೇಕಾದದ್ದು. ಆ ಮಿಗುತಾಯದ ಮೇಲೆ ಮೊದಲೇ ಜಪ್ತಿ ಆದೇಶ ತಂದಿಡಿ.

ಸ್ಟ್ರೈಕ್ ಆಫ್ ಆದ ಕಂಪನಿಯ ವಿಷಯಕ್ಕೆ ಬರೋಣ; ಬಹಳ ಜನ ಕೈಬಿಡುವುದು ಇಲ್ಲೇ. 2017ರಲ್ಲಿ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಒಟ್ಟಿಗೆ ತೆಗೆದಾಗ, ಹಣ ಹೋಯಿತು ಎಂದುಕೊಂಡ ಸಣ್ಣ ಪೂರೈಕೆದಾರರಿಗೆ ಲೆಕ್ಕವಿಲ್ಲ. ಕಂಪನಿ ಕಾಯ್ದೆ 2013 ಹಾಗೆ ಹೇಳುವುದಿಲ್ಲ. ಹೆಸರು ಹೋದ ಮೇಲೂ ಕಂಪನಿಯ ಆಸ್ತಿ ಅದರ ಸಾಲಕ್ಕೆ ಸಿಗಬೇಕು ಎಂದು 248(6)ರ ಪರಂತುಕ ಹೇಳುತ್ತದೆ. ಡೈರೆಕ್ಟರರ, ಸದಸ್ಯರ ಹೊಣೆ ಮುಂದುವರಿಯುತ್ತದೆ ಎಂದು 248(7) ಹೇಳುತ್ತದೆ. ನೋಂದಣಿ ರದ್ದಾದರೂ ಸಾಲ ತೀರಿಸುವ ಮಟ್ಟಿಗೆ ಅದು ಉಳಿದಿದೆ ಎಂದೇ ಲೆಕ್ಕ ಎಂದು 250 ಹೇಳುತ್ತದೆ. 'ಇಲ್ಲದ ಕಂಪನಿ ಮೇಲೆ ಅರ್ಜಿ ನಿಲ್ಲುವುದಿಲ್ಲ' ಎಂಬ ತಕರಾರು ಬಂದೇ ಬರುತ್ತದೆ. ಈ ಮೂರನ್ನೂ ಅರ್ಜಿಯಲ್ಲೇ ಬರೆದಿಡಿ.

ಕಂಪನಿ ತಾನೇ ಕೇಳಿ ಹೆಸರು ತೆಗೆಸಿಕೊಂಡಿದ್ದರೆ ಎಸ್‌ಟಿಕೆ-2 ಅರ್ಜಿಯ ಲಗತ್ತುಗಳನ್ನು ಹುಡುಕಿ ತೆಗೆಯಿರಿ. ಎಸ್‌ಟಿಕೆ-3 ಪ್ರತಿ ಡೈರೆಕ್ಟರ್ ಬರೆದುಕೊಟ್ಟ ಇಂಡೆಮ್ನಿಟಿ ಬಾಂಡ್. ಹೆಸರು ಹೋದ ನಂತರವೂ ನ್ಯಾಯಬದ್ಧ ಕ್ಲೇಮುಗಳನ್ನು ತೀರಿಸುತ್ತೇವೆ ಎಂದು ಅದರಲ್ಲಿ ಸಹಿ ಹಾಕಿರುತ್ತಾರೆ. ಎಸ್‌ಟಿಕೆ-8ರಲ್ಲಿ ಆಸ್ತಿ-ಹೊಣೆಗಳ ಲೆಕ್ಕವಿರುತ್ತದೆ. ನಡೆಯುತ್ತಿರುವ ಕೇಸುಗಳ ಹೇಳಿಕೆಯನ್ನೂ ಕೊಡಬೇಕು. ನಿಮ್ಮ ದಾವೆ ನಡೆಯುತ್ತಿದ್ದಾಗ 'ಕೇಸಿಲ್ಲ, ಸಾಲವಿಲ್ಲ' ಎಂದು ಬರೆದಿದ್ದರೆ ಅದು 251ನೇ ಸೆಕ್ಷನ್ನಿನ ವಿಷಯ: ಸಾಲ ತಪ್ಪಿಸಲು ಅರ್ಜಿ ಹಾಕಿದವರು ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ, ಜೊತೆಗೆ ವಂಚನೆಗೆ 447ರ ಶಿಕ್ಷೆ. ಇದನ್ನು ಉಲ್ಲೇಖಿಸಿ ಡೈರೆಕ್ಟರರಿಗೆ ಹೋಗುವ ಲೀಗಲ್ ನೋಟಿಸಿಗೆ ಮಾಮೂಲಿ ನೋಟಿಸಿಗಿಂತ ಬೇಗ ಉತ್ತರ ಬರುತ್ತದೆ.

ಬ್ಯಾಂಕೋ ಬೇರೆ ಇಲಾಖೆಯೋ 'ಹೆಸರು ರಿಜಿಸ್ಟರಿನಲ್ಲಿಲ್ಲ' ಎಂದು ಹಣ ಬಿಡದಿದ್ದರೆ ಎನ್‌ಸಿಎಲ್‌ಟಿ ಬೆಂಗಳೂರು ಪೀಠದಲ್ಲಿ 252(3)ರ ಕೆಳಗೆ ಹೆಸರು ಮರುಸ್ಥಾಪನೆ ಕೇಳಬೇಕಾಗುತ್ತದೆ. ಸಾಲ ಕೊಟ್ಟವರಿಗೆ ಗೆಜೆಟ್ ಪ್ರಕಟಣೆಯಿಂದ 20 ವರ್ಷ ಅವಕಾಶವಿದೆ. ರಿಜಿಸ್ಟ್ರಾರ್ ಆದೇಶದ ವಿರುದ್ಧ ಹಾಕುವ 252(1)ರ ಅಪೀಲಿಗೆ ಮಾತ್ರ 3 ವರ್ಷ. ಡಿಕ್ರಿಯ ದೃಢೀಕೃತ ನಕಲು, ಬಾಕಿ ಲೆಕ್ಕ, ಮುಟ್ಟಬಹುದಾದ ಆಸ್ತಿಯ ವಿವರ ಲಗತ್ತಿಸಿ. ಆಸ್ತಿಯೇ ಇಲ್ಲದ ಕಂಪನಿಗೆ ಮರುಜೀವ ಕೊಡಿಸಿ ಫಲವಿಲ್ಲ.

ಇನ್ನು ಹಣ ಎಲ್ಲಿರುತ್ತದೆ? ಬ್ಯಾಂಕ್ ಖಾತೆಯ ವಿವರ ನಿಮ್ಮ ಕಡತದಲ್ಲೇ ಇದೆ: ಅವರು ಹಿಂದೆ ಕೊಟ್ಟ ಚೆಕ್ಕಿನ ಜೆರಾಕ್ಸ್, ಆರ್‌ಟಿಜಿಎಸ್ ವಿವರ. ಕ್ಯಾಷ್ ಕ್ರೆಡಿಟ್ ಖಾತೆಯಾದರೆ ಬಿಡಿ, ಅದರಲ್ಲಿರುವುದು ಕಂಪನಿಯ ಸಾಲ. ಬೆಂಗಳೂರಿನಲ್ಲಿ ಬಾಡಿಗೆ ಶೆಡ್ಡಿಗೆ ಕೊಡುವ ಅಡ್ವಾನ್ಸ್ ದೊಡ್ಡದು, ಖಾಲಿ ಮಾಡಿದಾಗ ಕಟ್ಟಡದ ಮಾಲೀಕರು ಹಿಂದಿರುಗಿಸಬೇಕಾದ ಹಣ ಅದು. ಬೆಸ್ಕಾಂನಲ್ಲಿ ಬಾಕಿ ಕಳೆದು ಉಳಿದ ಭದ್ರತಾ ಠೇವಣಿ, ಗ್ರಾಹಕರು ಹಿಡಿದಿಟ್ಟ ರಿಟೆನ್ಷನ್ ಹಣ, ಟೆಂಡರಿಗೆ ಕಟ್ಟಿದ ಮುಂಗಡ ಠೇವಣಿ (ಇಎಂಡಿ), ತೆರಿಗೆ ರಿಫಂಡ್ ಇವೂ ಅದೇ ಸಾಲಿನವು. ಇವಕ್ಕೆಲ್ಲ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ 46ಎ ನಿಯಮದ ಗಾರ್ನಿಷಿ ನೋಟಿಸು. ಹಣ ಇಟ್ಟುಕೊಂಡವರು ಕೋರ್ಟಿಗೆ ಕಟ್ಟಬೇಕು, ಇಲ್ಲವೇ ಯಾಕೆ ಕಟ್ಟುವುದಿಲ್ಲ ಎಂದು ಹೇಳಬೇಕು. ಮಾಲೀಕರು 'ಬಾಡಿಗೆ ಬಾಕಿಗೆ ವಜಾ ಮಾಡಿಕೊಂಡೆ' ಎಂದರೆ 46ಸಿ ಕೆಳಗೆ ವಿಚಾರಣೆಯಾಗುತ್ತದೆ. ಬಾಡಿಗೆ ಕರಾರಿನ ಪ್ರತಿ ತರಿಸಿ ತಿಂಗಳ ಲೆಕ್ಕ ಕೇಳಿ.

ಆಸ್ತಿ ಗೊತ್ತಿಲ್ಲವಾದರೆ ಅದೇ 21ನೇ ಆದೇಶದ 41ನೇ ನಿಯಮ. ಡಿಕ್ರಿ ಹಣ 30 ದಿನ ತೀರದೆ ಉಳಿದರೆ ಆಸ್ತಿ ವಿವರದ ಅಫಿಡವಿಟ್ ಕೇಳಬಹುದು, ನಮೂನೆ 16ಎ. ಕಂಪನಿಯಾದರೆ ಅದರ ಅಧಿಕಾರಿಯನ್ನು ಕರೆಸಿ ಪ್ರಶ್ನಿಸಬಹುದು. ಆದೇಶ ಪಾಲಿಸದಿದ್ದರೆ 3 ತಿಂಗಳವರೆಗೆ ಸಿವಿಲ್ ಬಂಧನ. ರಾಜೀನಾಮೆ ಕೊಟ್ಟೆ ಎನ್ನುವವರ ಡಿಐಆರ್-12 (ಡೈರೆಕ್ಟರರ ಬದಲಾವಣೆ ತಿಳಿಸುವ ಫಾರ್ಮ್) ತಾರೀಖನ್ನು ದಾವೆಯ ತಾರೀಖಿನ ಪಕ್ಕ ಇಟ್ಟು ಕೋರ್ಟಿಗೆ ತೋರಿಸಿ.

ಒಂದು ತಪ್ಪು ಪದೇ ಪದೇ ನೋಡುತ್ತೇನೆ: ಕಂಪನಿ ಮೇಲಿನ ಡಿಕ್ರಿ ಇಟ್ಟುಕೊಂಡು ಡೈರೆಕ್ಟರರ ಮನೆ ಜಪ್ತಿ ಕೇಳುವುದು. ಅಮಲ್ಜಾರಿ ಕೋರ್ಟು ಡಿಕ್ರಿಯನ್ನು ಮೀರಿ ಹೋಗಲಾರದು. ವೈಯಕ್ತಿಕ ಗ್ಯಾರಂಟಿ, ಸಹಿ ಮಾಡಿದ ಚೆಕ್ ಬೌನ್ಸ್ ಆಗಿರುವುದು, 251ರ ಮೋಸ ಇವು ಪ್ರತ್ಯೇಕ ದಾರಿಗಳು, ಪ್ರತ್ಯೇಕ ಕ್ರಮ ಬೇಕು.

ಅರ್ಜಿಗೆ ಡಿಕ್ರಿಯಿಂದ 12 ವರ್ಷ ಕಾಲಮಿತಿ ಇದೆ, ಆದರೆ ಠೇವಣಿ ಅಷ್ಟು ಕಾಲ ಕಾಯುವುದಿಲ್ಲ. 2 ವರ್ಷ ದಾಟಿದರೆ 21ನೇ ಆದೇಶದ 22ನೇ ನಿಯಮದಂತೆ ಎದುರಾಳಿಗೆ ಕೊಡುವ ನೋಟಿಸು ಸೇರಿಕೊಂಡು ಮತ್ತಷ್ಟು ತಡ. ಆಸ್ತಿ ಬೇರೆ ಜಿಲ್ಲೆಯಲ್ಲಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಸೆಕ್ಷನ್ನಿನಲ್ಲಿ ಡಿಕ್ರಿ ವರ್ಗಾವಣೆ ಬೇಕು. ಕೈಯಲ್ಲಿರುವುದು ಆರ್ಬಿಟ್ರೇಷನ್ ಅವಾರ್ಡ್ (ಮಧ್ಯಸ್ಥರ ತೀರ್ಪು) ಆದರೆ ಆಸ್ತಿ ಇರುವಲ್ಲೇ ನೇರ ಹಾಕಬಹುದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸುಂದರಂ ಫೈನಾನ್ಸ್ ಪ್ರಕರಣದಲ್ಲಿ ಹೇಳಿದೆ. ಅಮಲ್ಜಾರಿ 6 ತಿಂಗಳಲ್ಲಿ ಮುಗಿಯಬೇಕು ಎಂದು 2021ರ ರಾಹುಲ್ ಶಾ ತೀರ್ಪು ಹೇಳುತ್ತದೆ, ವಾಯಿದೆ ಮೇಲೆ ವಾಯಿದೆ ಬಿದ್ದಾಗ ಅದರ ಪ್ರತಿ ಮೆಮೋ ಜೊತೆ ಕೊಡಿ.

ಲಿಕ್ವಿಡೇಷನ್ ಆಗಿದ್ದರೆ ಪ್ರಕಟಣೆಯಲ್ಲಿರುವ ತಾರೀಖಿನೊಳಗೆ ಲಿಕ್ವಿಡೇಟರಿಗೆ ಕ್ಲೇಮ್ ಸಲ್ಲಿಸಿ. ಸರಕು ಪೂರೈಸಿದವರಿಗೆ ಫಾರ್ಮ್ ಸಿ. ದಿವಾಳಿ ಸಂಹಿತೆಯ 53ನೇ ಸೆಕ್ಷನ್ನು ಹಣ ಹಂಚಲು ಹೇಳಿದ ಸರದಿಯಲ್ಲಿ ಇವರು ಬಹಳ ಕೆಳಗಿರುವುದರಿಂದ ಕಕ್ಷಿದಾರರಿಗೆ ದೊಡ್ಡ ಆಸೆ ಹುಟ್ಟಿಸುವುದಿಲ್ಲ.

ಡೈರೆಕ್ಟರರು ರಾಜಿಗೆ ಬಂದು ಮುಂದಿನ ತಾರೀಖಿನ ಚೆಕ್ ಕೊಟ್ಟರೆ, ಕೊನೆಯ ಚೆಕ್ ಪಾಸಾಗುವವರೆಗೂ ಹಣ ಪೂರ್ತಿ ಬಂತು ಎನ್ನುವ ಪೂರ್ಣ ತೃಪ್ತಿ ಮೆಮೋಗೆ ಸಹಿ ಮಾಡಬೇಡಿ. ಬಂದಷ್ಟನ್ನು 21ನೇ ಆದೇಶದ 2ನೇ ನಿಯಮದಂತೆ ಭಾಗಶಃ ಪಾವತಿ ಎಂದು ದಾಖಲಿಸಿ, ಮೊದಲು ಬಡ್ಡಿ, ಆಮೇಲೆ ಅಸಲು ಎಂದು ಲೆಕ್ಕ ತೋರಿಸಿ.