ವೆಬ್ ಪುಟದ ಟೇಬಲ್‌ನಿಂದ ಅಡಿಕೆ ದರ ತೆಗೆಯುವುದು ಹೇಗೆ?

ವೆಬ್ ಪುಟದ ಟೇಬಲ್ಲನ್ನು ಕೋಡ್‌ನಿಂದ ಓದಿಸುವುದು ಸುಲಭ ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ಕೋಡ್ ಓಡುತ್ತದೆ, ಎರರ್ ಬರುವುದಿಲ್ಲ, ಆದರೆ ಶಿರಸಿಯ ರಾಶಿ ದರ ಶಿವಮೊಗ್ಗದ ಹೆಸರಲ್ಲಿ ಕೂತಿರುತ್ತದೆ. ನಾನು ನೋಡಿದ ಕೋಡ್‌ಗಳಲ್ಲಿ ಹೆಚ್ಚಿನವು ಎಡವುವುದು ಒಂದೇ ಜಾಗದಲ್ಲಿ. ಉಳಿದದ್ದನ್ನು ಬೇಗ ಮುಗಿಸಿ ಅಲ್ಲಿ ಜಾಸ್ತಿ ಹೊತ್ತು ನಿಲ್ಲೋಣ.

ಉದಾಹರಣೆಗೆ ಅಡಿಕೆ ದರಪಟ್ಟಿ ಇಟ್ಟುಕೊಳ್ಳೋಣ. ಮೊದಲ ಕಾಲಂ ಮಾರುಕಟ್ಟೆ, ಎರಡನೆಯದು ಬಗೆ, ಆಮೇಲೆ ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ ಮತ್ತು ಮಾದರಿ ದರ (ಹೆಚ್ಚಿನ ವಹಿವಾಟು ನಡೆದ ದರ). ಭಾಷೆ ಪೈಥಾನ್.

ಹಂತ 1: ಟೇಬಲ್ ಓದುವುದು ಬೇಕೇ ಬೇಕಾ ನೋಡಿ. ಕೃಷಿ ಮಾರುಕಟ್ಟೆಗಳ ದಿನದ ದರ ಕೇಂದ್ರ ಸರ್ಕಾರದ ಮುಕ್ತ ಡೇಟಾ ತಾಣದಲ್ಲಿ ಎಪಿಐ ರೂಪದಲ್ಲೇ, ಅಂದರೆ ಕೋಡ್ ನೇರವಾಗಿ ಕೇಳಿ ಪಡೆಯುವಂತೆ, ಸಿಗುತ್ತದೆ. ಇನ್ನು ಪುಟದ ಸೋರ್ಸ್ (ಅದರ ಹಿಂದಿನ ಎಚ್‌ಟಿಎಂಎಲ್ ಕೋಡ್) ತೆರೆದಾಗ ದರಗಳೇ ಕಾಣದಿದ್ದರೆ, ಅವನ್ನು ಜಾವಾಸ್ಕ್ರಿಪ್ಟ್ ಆಮೇಲೆ ತರುತ್ತಿದೆ ಅಂತ ಅರ್ಥ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ನೋಡಿ. ಎಷ್ಟೋ ಸಲ ಅಲ್ಲಿ ಸಿದ್ಧ ಜೇಸನ್ (ಕೋಡ್ ಸುಲಭವಾಗಿ ಓದುವ ಡೇಟಾ ರೂಪ) ಬಂದಿರುತ್ತದೆ, ಅರ್ಧ ಕೆಲಸ ಅಲ್ಲೇ ಮುಗಿಯಿತು.

ಹಂತ 2: ರಿಕ್ವೆಸ್ಟ್ಸ್ ಎಂಬ ಪೈಥಾನ್ ಲೈಬ್ರರಿಯಿಂದ ಪುಟ ತನ್ನಿ, ಎಚ್‌ಟಿಎಂಎಲ್ ಬಿಡಿಸಿ ಓದುವ ಬ್ಯೂಟಿಫುಲ್ ಸೂಪ್ ಲೈಬ್ರರಿಗೆ ಕೊಡಿ. ರೆಜೆಕ್ಸ್‌ನಿಂದ (ಅಕ್ಷರ ವಿನ್ಯಾಸ ಹುಡುಕುವ ಸೂತ್ರದಿಂದ) ಎಚ್‌ಟಿಎಂಎಲ್ ಕತ್ತರಿಸಬೇಡಿ, ಆ ದಾರಿಯೇ ಬೇಡ. ಬ್ರೌಸರ್‌ನ ಇನ್‌ಸ್ಪೆಕ್ಟ್‌ನಿಂದ ಸೆಲೆಕ್ಟರನ್ನು (ಪುಟದಲ್ಲಿ ಒಂದು ಭಾಗ ಎಲ್ಲಿದೆ ಅಂತ ಹೇಳುವ ವಿಳಾಸವನ್ನು) ಕಾಪಿ ಮಾಡಿ ಅಂಟಿಸುವ ಅಭ್ಯಾಸವನ್ನೂ ಬಿಡಿ. ಸೋರ್ಸ್‌ನಲ್ಲಿ ಟೇಬಲ್‌ನ ಸಾಲುಗಳನ್ನು ಸುತ್ತುವರಿಯುವ ಟಿಬಾಡಿ ಟ್ಯಾಗ್ ಇಲ್ಲದಿದ್ದರೂ ಬ್ರೌಸರ್ ತಾನೇ ಸೇರಿಸಿ ತೋರಿಸುತ್ತದೆ. ಪೈಥಾನ್ ಜೊತೆ ಬರುವ ಪಾರ್ಸರ್ (ಎಚ್‌ಟಿಎಂಎಲ್ ಬಿಡಿಸುವ ಸಾಧನ) ಅದನ್ನು ಸೇರಿಸುವುದಿಲ್ಲ. ಆಗ ನಿಮ್ಮ ಸೆಲೆಕ್ಟರ್‌ಗೆ ಒಂದು ಸಾಲೂ ಸಿಗುವುದಿಲ್ಲ.

ಹಂತ 3: ಈಗ ಕಷ್ಟದ ಜಾಗ. ಶಿವಮೊಗ್ಗದಲ್ಲಿ ಬೆಟ್ಟೆ, ಗೊರಬಲು, ರಾಶಿ, ಸರಕು ಎಂಬ ನಾಲ್ಕು ಬಗೆಗೆ ದರ ಇದೆ ಅನ್ನಿ. ಪುಟ ಮಾಡಿದವರು ‘ಶಿವಮೊಗ್ಗ’ ಅಂತ ಒಂದೇ ಸಲ ಬರೆದು ಆ ಸೆಲ್‌ಗೆ ರೋಸ್ಪ್ಯಾನ್ 4, ಅಂದರೆ ಆ ಸೆಲ್ ನಾಲ್ಕು ಸಾಲು ಹರಡಲಿ ಅಂತ, ಕೊಟ್ಟಿರುತ್ತಾರೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಎಚ್‌ಟಿಎಂಎಲ್‌ನಲ್ಲಿ ಮೊದಲ ಸಾಲಿಗೆ ಐದು ಸೆಲ್, ಉಳಿದ ಮೂರಕ್ಕೆ ನಾಲ್ಕೇ. ನೀವು ‘ಮೊದಲ ಸೆಲ್ ಮಾರುಕಟ್ಟೆ’ ಅಂತ ಎಣಿಸಿದರೆ ಎರಡನೇ ಸಾಲಿನಿಂದ ಗೊರಬಲು ಎಂಬುದೇ ಊರಾಗುತ್ತದೆ, ಕನಿಷ್ಠ ದರ ಬಗೆಯ ಜಾಗಕ್ಕೆ ಜಾರುತ್ತದೆ. ರಾಶಿ ಶಿರಸಿಯಲ್ಲೂ ಇದೆ, ಸಾಗರದಲ್ಲೂ ಇದೆ. ಊರು ತಪ್ಪಿದರೆ ಆ ದರಕ್ಕೆ ಬೆಲೆಯೇ ಇಲ್ಲ, ಅಲ್ವಾ?

ಹೀಗಾಗದಿರಲು, ಮೊದಲು ಸಾಲು-ಕಾಲಂಗಳ ಪೂರ್ತಿ ಚೌಕಟ್ಟು ತುಂಬಿಸಿ, ಪ್ರತಿ ಸಾಲನ್ನು ಆಬ್ಜೆಕ್ಟ್ ಮಾಡುವುದು ಆಮೇಲೆ (ಹಂತ 5). ‘ಬಾಕಿ’ ಅಂತ ಒಂದು ಡಿಕ್ಷನರಿ (ಹೆಸರು-ಮೌಲ್ಯ ಜೋಡಿಗಳ ಪಟ್ಟಿ) ಇಡಿ. ಯಾವ ಕಾಲಂನಲ್ಲಿ ಯಾವ ಮೌಲ್ಯ ಇನ್ನೆಷ್ಟು ಸಾಲು ಇಳಿಯಬೇಕು ಎಂಬುದು ಅದರಲ್ಲಿರಲಿ. ಪ್ರತಿ ಸಾಲಿಗೂ ಎಡದಿಂದ ಹೊರಡಿ. ಆ ಕಾಲಂಗೆ ಬಾಕಿ ಇದ್ದರೆ ಆ ಮೌಲ್ಯ ಹಾಕಿ, ಲೆಕ್ಕದಲ್ಲಿ ಒಂದು ಕಳೆಯಿರಿ. ಇಲ್ಲದಿದ್ದರೆ ಮಾತ್ರ ಸಾಲಿನ ಮುಂದಿನ ಸೆಲ್ ತೆಗೆದುಕೊಳ್ಳಿ. ಅದರ ಕೋಲ್ಸ್ಪ್ಯಾನ್ (ಅದು ಹರಡುವ ಕಾಲಂಗಳ ಸಂಖ್ಯೆ) ಎಷ್ಟೋ ಅಷ್ಟು ಕಾಲಂಗಳಲ್ಲಿ ಮೌಲ್ಯ ಇಡಿ. ರೋಸ್ಪ್ಯಾನ್ ಒಂದಕ್ಕಿಂತ ಹೆಚ್ಚಿದ್ದರೆ, ಅದರಲ್ಲಿ ಒಂದು ಕಳೆದು, ಆ ಕಾಲಂಗಳಿಗೆಲ್ಲ ಬಾಕಿಗೆ ಬರೆಯಿರಿ. ಸೆಲ್‌ಗಳು ಮುಗಿದವು ಅಂತ ಅಲ್ಲೇ ನಿಲ್ಲಬೇಡಿ, ಬಲತುದಿಯ ಕಾಲಂಗೂ ಬಾಕಿ ಇರಬಹುದು. ಇದನ್ನು ಬಹಳ ಜನ ಮರೆಯುತ್ತಾರೆ. ರೋಸ್ಪ್ಯಾನ್ 0 ಅಂತ ಇದ್ದರೆ ಟೇಬಲ್‌ನ ಆ ಭಾಗದ (ಉದಾಹರಣೆಗೆ ಟಿಬಾಡಿಯ) ಕೊನೆಯವರೆಗೂ ಅಂತ ಅರ್ಥ.

ಖಾಲಿ ಕಂಡಲ್ಲೆಲ್ಲ ಮೇಲಿನ ಸಾಲಿನದ್ದನ್ನೇ ತುಂಬಿಬಿಡುವ ಶಾರ್ಟ್‌ಕಟ್ ಒಂದಿದೆ. ಬೇಡ. ಆ ದಿನ ಸರಕು ಮಾರಾಟಕ್ಕೇ ಬಂದಿಲ್ಲದಿದ್ದರೆ ಅದರ ದರ ನಿಜವಾಗಿಯೂ ಖಾಲಿ, ಹೀಗೆ ತುಂಬಿದರೆ ಅಲ್ಲಿ ರಾಶಿಯ ದರ ಬಂದು ಕೂರುತ್ತದೆ.

ಪಾಂಡಾಸ್ ಎಂಬ ಪೈಥಾನ್ ಲೈಬ್ರರಿಯ ರೀಡ್ ಎಚ್‌ಟಿಎಂಎಲ್ ಈ ತುಂಬಿಸುವ ಕೆಲಸವನ್ನು ತಾನೇ ಮಾಡುತ್ತದೆ, ಅವಸರಕ್ಕೆ ಬಳಸಿ. ಆದರೆ ಅಂಕಿಯಂತೆ ಕಂಡದ್ದನ್ನೆಲ್ಲ ಅಂಕಿ ಮಾಡುತ್ತದೆ. ಟೇಬಲ್‌ನಲ್ಲಿ ಶಿವಮೊಗ್ಗದ ಎಸ್‌ಟಿಡಿ ಕೋಡ್ ಇದ್ದರೆ 08182 ಹೋಗಿ 8182 ಆಗುತ್ತದೆ. ಅಂಥ ಕಾಲಂ ಪಠ್ಯವಾಗಿಯೇ ಇರಲಿ ಅಂತ ಕನ್ವರ್ಟರ್ಸ್‌ನಲ್ಲಿ ಹೇಳಬೇಕು. ಇನ್ನು ಟೇಬಲ್ ಅಂಟಿಸಿದರೆ ಜೇಸನ್ ಕೊಡುವ ಆನ್‌ಲೈನ್ ಪರಿವರ್ತಕಗಳು ರೋಸ್ಪ್ಯಾನ್ ಇರುವ ಟೇಬಲ್ ಬಂದಾಗ ಏನು ಮಾಡುತ್ತವೆ ಅಂತ ನೋಡದೆ ನಂಬಬೇಡಿ.

ಹಂತ 4: ಶುಚಿ ಮಾಡಿ. 48,599 ಎಂಬುದರಲ್ಲಿ ಅಲ್ಪವಿರಾಮ ತೆಗೆದು ಇಂಟ್ (ಪೂರ್ಣಾಂಕ) ಮಾಡಿ. ೪೮೫೯೯ ಅಂತ ಕನ್ನಡ ಅಂಕಿ ಇದ್ದರೂ ಪೈಥಾನ್‌ನ ಇಂಟ್ ಸರಿಯಾಗಿ ಓದುತ್ತದೆ, ಜಾವಾಸ್ಕ್ರಿಪ್ಟ್‌ನ ನಂಬರ್ ಓದುವುದಿಲ್ಲ. ಗೀಟು ಅಥವಾ ಖಾಲಿ ಇದ್ದರೆ None (ಮೌಲ್ಯ ಇಲ್ಲ ಎಂಬ ಗುರುತು) ಇಡಿ. ಸೊನ್ನೆ ಇಟ್ಟರೆ ಸರಾಸರಿ ಕೆಡುತ್ತದೆ.

ಕನ್ನಡ ಹೆಸರುಗಳಿಗೆ ಇನ್ನೂ ಒಂದು ಕೆಲಸ ಇದೆ. ‘ಮೊ’ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಶಿವಮೊಗ್ಗ’, ಕೋಡ್‌ಗೆ ಬೇರೆ ಬೇರೆ ಊರು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಜೋಡಿಸಿದ ಒಂದೇ ಚಿಹ್ನೆಯ ರೂಪ) ಕೊಟ್ಟು ಎಲ್ಲ ಹೆಸರನ್ನೂ ಒಂದೇ ರೂಪಕ್ಕೆ ತನ್ನಿ.

ಹಂತ 5: ಡೇಟಾಕ್ಲಾಸ್ (ಒಂದು ಸಾಲಿನ ಆಬ್ಜೆಕ್ಟ್‌ನಲ್ಲಿ ಯಾವ ಫೀಲ್ಡ್‌ಗಳಿರಬೇಕು ಎಂಬ ಅಚ್ಚು) ಬರೆಯಿರಿ: ಮಾರುಕಟ್ಟೆ, ಬಗೆ, ಕನಿಷ್ಠ, ಗರಿಷ್ಠ, ಮಾದರಿ, ದಿನಾಂಕ. ಸುಮ್ನೆ ಡಿಕ್ಷನರಿಯಲ್ಲಿ ಬಿಡಬೇಡಿ. ಯಾವ ಶೀರ್ಷಿಕೆ ಯಾವ ಫೀಲ್ಡ್‌ಗೆ ಅಂತ ಕೈಯಾರೆ ಬರೆದಿಡಿ, ಗೊತ್ತಿಲ್ಲದ ಶೀರ್ಷಿಕೆ ಬಂದರೆ ಕೋಡ್ ನಿಂತುಬಿಡಲಿ. ಆಮೇಲೆ ಟೇಬಲ್‌ನಿಂದ ಬಂದ ಪ್ರತಿ ಸಾಲಿನಲ್ಲೂ, ದಿನಾಂಕ ಬಿಟ್ಟು, ಐದೇ ಮೌಲ್ಯ ಇವೆಯಾ ನೋಡಿ. ಪುಟದ ಜೊತೆ ಹೋಲಿಸುವಾಗ ಮೊದಲ ಸಾಲು ನೋಡಬೇಡಿ, ಅದು ಯಾವಾಗಲೂ ಸರಿಯಿರುತ್ತದೆ. ರೋಸ್ಪ್ಯಾನ್ ಕೆಳಗಿನ ಮೂರನೇ ಸಾಲು ನೋಡಿ.

ಜೇಸನ್ ಆಗಿ ಉಳಿಸುವಾಗ ಎನ್‌ಶ್ಯೂರ್ ಆಸ್ಕಿ (ensure_ascii) ಆಯ್ಕೆಯನ್ನು ಫಾಲ್ಸ್ ಮಾಡಿ, ಇಲ್ಲದಿದ್ದರೆ ಫೈಲ್ ತೆರೆದವರಿಗೆ ಕನ್ನಡದ ಬದಲು ಯೂನಿಕೋಡ್ ಸಂಕೇತಗಳೇ ಕಾಣುತ್ತವೆ.