ಎರಡು ಮಡಕೆ, ನಡುವೆ ಒದ್ದೆ ಮರಳು

ಕೊಡಗಿನ ಸಿದ್ದಾಪುರದ ಸಮೀಪವಿರುವ ನಮ್ಮ ಮನೆಗೆ ವಿದ್ಯುತ್ ತಂತಿ ಕಾಫಿ ತೋಟದ ಮರಗಳ ನಡುವೆಯೇ ಹಾದುಬರುವುದರಿಂದ, ಕಾಫಿ ಹೂಬಿಡಿಸುವ ಬೇಸಿಗೆಯ ಹೂಮಳೆಯ ಗಾಳಿಗೆ ಒಂದು ಕೊಂಬೆ ಮುರಿದು ಬಿದ್ದರೂ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಅಂಥ ಒಂದು ಸಲ ಫ್ರಿಜ್ಜಿನಲ್ಲಿದ್ದ ಹಾಲು, ಮೊಸರು, ಸೊಪ್ಪುಗಳನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿಯಬೇಕಾಗಿ ಬಂದಾಗ, ಮಡಕೆಯೊಳಗೆ ಮಡಕೆಯಿಟ್ಟು ತಂಪು ಮಾಡುವ ವಿಧಾನವನ್ನು ನಾನೂ ಪ್ರಯತ್ನಿಸಿ ನೋಡೋಣವೆಂದು ಹೊರಟೆ. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ತಂದುಕೊಟ್ಟದ್ದು ಇದೇ ವಿಧಾನ. ಅವರದು ಒಣ ಹವೆಯ ಉತ್ತರ ನೈಜೀರಿಯಾ, ನಮ್ಮದು ಕೊಡಗು ಎಂಬ ವ್ಯತ್ಯಾಸದ ಅರ್ಥ ಮಾತ್ರ ನನಗೆ ತಡವಾಗಿ ತಿಳಿಯಿತು.

ಮೊದಲ ಸಲ ಸೋತದ್ದು ಮಡಕೆಯ ಆಯ್ಕೆಯಲ್ಲಿ. ಸಂತೆಯಲ್ಲಿ ಕೊಂಡ ಹೊರಮಡಕೆಗೆ ಕೆಂಪು ಬಣ್ಣ ಬಳಿದಿದ್ದರು. ನೋಡಲು ಅಂದವಾಗಿದ್ದರೂ ಬಣ್ಣವು ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿದ್ದರಿಂದ ಮೂರು ದಿನ ನೀರು ಹಾಕಿದರೂ ಹೊರಮೈ ಒಣಗಿಯೇ ಇತ್ತು. ನೀರು ಹೊರಕ್ಕೆ ಜಿನುಗಿ ಆವಿಯಾದರೆ ತಾನೇ ತಂಪು! ಒಂದು ಲೀಟರ್ ನೀರು ಆವಿಯಾಗುವಾಗ ಹೀರಿಕೊಳ್ಳುವ ಶಾಖವು ಸುಮಾರು 7 ಕಿಲೋ ಮಂಜುಗಡ್ಡೆ ಕರಗುವಾಗ ಹೀರಿಕೊಳ್ಳುವಷ್ಟಿರುತ್ತದೆ. ಈಗ ನಾನು ಬಣ್ಣವಿಲ್ಲದ ಮಡಕೆಯನ್ನೇ ಆರಿಸಿ, ಮನೆಗೆ ತಂದೊಡನೆ ನೀರು ತುಂಬಿಸಿಡುತ್ತೇನೆ. ಮರುದಿನ ಹೊರಗೆ ಅಂಗೈ ಒತ್ತಿದಾಗ ತೇವ ಹತ್ತಿದರೆ ಮಾತ್ರ ಅದು ಈ ಕೆಲಸಕ್ಕೆ; ಇಲ್ಲವಾದರೆ ಅದರಲ್ಲಿ ಹುಣಸೆಹಣ್ಣು ತುಂಬಿಡುತ್ತೇನೆ.

ದೊಡ್ಡ ಮಡಕೆಯ ತಳಕ್ಕೆ ಮರಳು ಹಾಕಿ, ಎರಡರ ಬಾಯಿಯೂ ಒಂದೇ ಮಟ್ಟಕ್ಕೆ ಬರುವಂತೆ ಚಿಕ್ಕದನ್ನು ಕೂರಿಸಿ, ಸುತ್ತಲೂ ಮೂರು ಬೆರಳಿನಷ್ಟು ಸಂದು ಬಿಟ್ಟು ಅದಕ್ಕೂ ಮರಳು ತುಂಬಿದೆ. ಹೊಳೆಯ ಮರಳನ್ನು ಜರಡಿಯಾಡಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಕೆಸರು ಉಳಿದರೆ ಮಡಕೆಯ ರಂಧ್ರ ಕಟ್ಟಿಕೊಳ್ಳುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಇದೇ ತತ್ತ್ವದ ಮೇಲೆ ಜೋಡಿ ಇಟ್ಟಿಗೆ ಗೋಡೆಗಳ ನಡುವೆ 7.5 ಸೆಂಟಿಮೀಟರ್ ಮರಳು ತುಂಬಿ ತರಕಾರಿಗಾಗಿ ತಂಪುಕೋಣೆಯನ್ನೇ ರೂಪಿಸಿದ್ದಾರೆ. ನಮ್ಮ ನಾಲ್ಕು ಜನರ ಮನೆಗೆ ಅಷ್ಟು ದೊಡ್ಡದು ಬೇಕಿರಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿಟ್ಟಾಗ ಒಳಗಿನ ತಂಪು ಹೇಳಿಕೊಳ್ಳುವಂತಿರಲಿಲ್ಲ. ಅದನ್ನೇ ಬಿಸಿಲು ತಾಗದ, ಗಾಳಿ ಹಾಯುವ ಉತ್ತರದ ಜಗಲಿಗೆ ಒಯ್ದು, ಇರುವೆ ಬಾರದಂತೆ ಕಾಲುಗಳನ್ನು ನೀರಿನ ಚಿಪ್ಪುಗಳಲ್ಲಿ ಇಳಿಬಿಟ್ಟ ಸ್ಟೂಲಿನ ಮೇಲೆ ಇಟ್ಟ ಮೇಲೆ, ಮಾರ್ಚಿನ ಮಧ್ಯಾಹ್ನ ಹೊರಗೆ 32 ಡಿಗ್ರಿ ಇದ್ದಾಗ ಒಳಗೆ 24 ಡಿಗ್ರಿ ತೋರಿಸಿತು. ಬೆಳಗ್ಗೆ, ಸಂಜೆ ಒಂದೊಂದು ಚೊಂಬು ನೀರನ್ನು ಮರಳಿಗೆ ಹನಿಸುತ್ತೇನೆ. ಬಾಯಿಗೆ ಮುಚ್ಚುವ ಒದ್ದೆ ಬಟ್ಟೆಗಳು ಎರಡಿವೆ. ಒಂದು ಬಳಕೆಯಲ್ಲಿರುವಾಗ ಇನ್ನೊಂದು ಬಿಸಿಲಿನಲ್ಲಿರುತ್ತದೆ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಹೊರಮೈಯಲ್ಲಿ ಕಟ್ಟುವ ಬಿಳಿ ಉಪ್ಪನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯುತ್ತೇನೆ.

ಕೊತ್ತಂಬರಿ, ದಂಟು, ಟೊಮೆಟೊಗಳು ಹೊರಗೆ ಇರುವುದಕ್ಕಿಂತ ಎರಡು ಮೂರು ದಿನ ಹೆಚ್ಚು ತಾಜಾ ಇರುತ್ತವೆ. ಬೆಳಗಿನ ಮೊಸರು ರಾತ್ರಿಯ ಊಟದ ಹೊತ್ತಿಗೂ ಹುಳಿಯಾಗುವುದಿಲ್ಲ. ಆದರೆ ಮಾಗಿದ ಬಾಳೆಹಣ್ಣನ್ನು ಸೊಪ್ಪಿನ ಜೊತೆ ಇಡಬಾರದು, ಸೊಪ್ಪು ಬೇಗ ಹಳದಿಯಾಗುತ್ತದೆ. ಮಾಂಸ, ಮೀನುಗಳನ್ನಂತೂ ನಾನು ಇದರಲ್ಲಿ ಇಡುವುದೇ ಇಲ್ಲ. ಅವುಗಳಿಗೆ 5 ಡಿಗ್ರಿಗಿಂತ ಕಡಿಮೆ ಬೇಕು, ಈ ಮಡಕೆ ಆ ಮಟ್ಟಕ್ಕೆ ಎಂದೂ ಇಳಿಯದು. ಕರೆಂಟು ಬಾರದಿದ್ದರೆ ಹಂದಿಮಾಂಸಕ್ಕೆ ಉಪ್ಪು, ಅರಿಸಿನ ಸವರಿ ಒಲೆಯ ಮೇಲೆ ಹೊಗೆಗೆ ಕಟ್ಟುವ ಹಳೆಯ ಕ್ರಮವೇ ನಮಗೆ ಗತಿ.

ಜೂನ್ ಬಂದಾಗಲೂ ನಾನು ಹುಮ್ಮಸ್ಸಿನಿಂದ ನೀರು ಹಾಕುತ್ತಿದ್ದುದನ್ನು ಕಂಡು ಅತ್ತೆಯವರು, "ಒಗೆದ ಬಟ್ಟೆಯನ್ನೇ ಒಲೆಯ ಮೇಲೆ ಒಣಗಿಸುವ ಕಾಲ ಇದು, ನಿನ್ನ ಮಡಕೆಯ ನೀರು ಎಲ್ಲಿಗೆ ಹೋಗಬೇಕಮ್ಮಾ?" ಎಂದು ಕೇಳಿದರು. ಶಾಸ್ತ್ರವೆಲ್ಲ ಆ ಮಾತಿನಲ್ಲಿತ್ತು: ಗಾಳಿಯೇ ತೇವದಿಂದ ತುಂಬಿರುವಾಗ ಆವಿ ಏಳುವುದಿಲ್ಲ, ಆವಿ ಏಳದಿದ್ದರೆ ತಂಪೂ ಇಲ್ಲ. ವಾರದೊಳಗೆ ಒಳಮಡಕೆಗೆ ಹಸಿರು ಪಾಚಿ ಹಿಡಿಯಿತು.

ಅಂದಿನಿಂದ ಜಗಲಿಯ ಕಂಬಕ್ಕೆ ಎರಡು ಥರ್ಮಾಮೀಟರ್ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿದ್ದೇನೆ. ಒದ್ದೆಯದು ಎಷ್ಟು ಡಿಗ್ರಿ ಕೆಳಗೆ ಇಳಿಯುತ್ತದೋ ಮಡಕೆ ಅದಕ್ಕಿಂತ ಹೆಚ್ಚು ಇಳಿಯಲಾರದು. ಮಾರ್ಚಿನಲ್ಲಿ ಈ ಅಂತರ 10–11 ಡಿಗ್ರಿ ಇರುತ್ತದೆ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಒಂದು ಡಿಗ್ರಿಯೂ ಇರುವುದಿಲ್ಲ. ಮೇ ತಿಂಗಳಲ್ಲಿ ಅಂತರ 4 ಡಿಗ್ರಿಗಿಂತ ಕಡಿಮೆಯಾಗತೊಡಗಿದೊಡನೆ ಮರಳನ್ನು ಕಾಫಿ ಕಣದಲ್ಲಿ ಹರಡಿ, ಇನ್ನೂ ಬಿಸಿಲಿರುವಾಗಲೇ ಒಣಗಿಸಿ ಗೋಣಿಚೀಲಕ್ಕೆ ತುಂಬಿ, ಮಡಕೆಗಳನ್ನು ಅಟ್ಟದಲ್ಲಿ ಬೋರಲು ಹಾಕುತ್ತೇನೆ. ಅವು ಮತ್ತೆ ಕೆಳಗಿಳಿಯುವುದು ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ.